ಕೈಗುಣಕ್ಕೆ ಲಿಂಗವುಂಟೆ?

(ಬಾನುಲಿ ಭಾಷಣ)

ಎರಡು ವರ್ಷಗಳ ಹಿಂದೆ ಪಿತ್ತಕೋಶದ ಕಲ್ಲಿನ ಬಾಧೆಯಿಂದ ನಾನು ಆಸ್ಪತ್ರೆ ಸೇರಬೇಕಾಯಿತು. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ, ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ನನ್ನ ಹಾಸಿಗೆಯ ಬಳಿಗೆ ಬಂದರು. ಹೊಟ್ಟೆಯನ್ನು ಒತ್ತಿ ನೋಡಿದರು, ಪರೀಕ್ಷೆಯ ಕಾಗದಗಳನ್ನು ತಿರುವಿದರು, ಮರುದಿನ ಏನೇನು ನಡೆಯುತ್ತದೆಂಬುದನ್ನು ನನ್ನಂಥ ಕನ್ನಡ ಮೇಷ್ಟರಿಗೂ ತಿಳಿಯುವಂತೆ ನಿಧಾನವಾಗಿ ವಿವರಿಸಿದರು. ಎಲ್ಲಕ್ಕೂ ತಲೆದೂಗಿದ ಮೇಲೆ ನಾನು, "ಆಯಿತಮ್ಮ, ಆಪರೇಷನ್ ಮಾಡುವ ಡಾಕ್ಟರು ಯಾವಾಗ ಬರುತ್ತಾರೆ?" ಎಂದು ಕೇಳಿದೆ. ಆಕೆ ಕೋಪಿಸಿಕೊಳ್ಳಲಿಲ್ಲ, ಆ ಪ್ರಶ್ನೆ ಅವರಿಗೆ ಹೊಸದಾಗಿರಲಿಲ್ಲವೆಂದು ತೋರುತ್ತದೆ. "ಬಂದಾಗಿದೆ ಸಾರ್, ನಾನೇ" ಎಂದು ನಕ್ಕು ಪಕ್ಕದ ಹಾಸಿಗೆಯತ್ತ ನಡೆದರು. ಕುರ್ಚಿಯಲ್ಲಿ ಕುಳಿತಿದ್ದ ನನ್ನ ಪತ್ನಿ ಮಾತ್ರ ನಗಲಿಲ್ಲ.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ಅಕ್ಕಮಹಾದೇವಿಯನ್ನು ಪಾಠ ಹೇಳಿದವನ ಬಾಯಿಂದ ಬಂದ ಪ್ರಶ್ನೆ ಅದು! ಸಮಾನತೆಯ ವಿಷಯವಾಗಿ ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಆದರೆ ನನ್ನ ಹೊಟ್ಟೆಗೆ ಕತ್ತಿ ತಾಗುವ ಹೊತ್ತು ಬಂದಾಗ, ಆ ಕತ್ತಿ ಹಿಡಿಯುವ ಕೈ ಗಂಡಸಿನದೇ ಆಗಿರಬೇಕೆಂದು ನನ್ನ ಮನಸ್ಸು ನನಗೆ ತಿಳಿಸದೆಯೇ ತೀರ್ಮಾನಿಸಿಬಿಟ್ಟಿತ್ತು.

ಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಗಾಯ ತೋರಿಸಲು ಹೋದ ದಿನ ನಾನು ಆ ವೈದ್ಯೆಯ ಕ್ಷಮೆ ಕೇಳಿದೆ. ಮಾತಿಗೆ ಮಾತು ಬೆಳೆದು, ಅವರು ವೈದ್ಯಕೀಯ ಕಾಲೇಜಿನಲ್ಲಿ ಪಾಠವನ್ನೂ ಹೇಳುವವರೆಂದು ತಿಳಿದು, "ಸಂಶೋಧನೆ ಏನು ನಡೆಸಿದ್ದೀರಿ?" ಎಂದು ವಿಚಾರಿಸಿದೆ. ಅವರು ಕೊಟ್ಟ ಉತ್ತರ ಇಂದಿನ ಈ ಭಾಷಣಕ್ಕೆ ಬೀಜವಾಯಿತು. "ಕತ್ತಿ ಹಿಡಿಯುವುದಕ್ಕೆ ಈಗ ಬಿಡುತ್ತಾರೆ ಸಾರ್, ಲೇಖನಿ ಹಿಡಿಯುವುದಕ್ಕೆ ಹೊತ್ತು ಸಿಗುವುದಿಲ್ಲ" ಎಂದರು ಅವರು.

ಶಸ್ತ್ರವೈದ್ಯಕ್ಕೆ ಎರಡು ಮುಖಗಳುಂಟು. ರೋಗಿಯ ಮೈಯನ್ನು ತೆರೆದು ಗುಣಪಡಿಸುವುದು ಒಂದು. ಯಾವ ವಿಧಾನ ಮೇಲು, ಯಾವ ಔಷಧದಿಂದ ಗಾಯ ಬೇಗ ಮಾಯುತ್ತದೆ, ಯಾರಿಗೆ ಯಾವ ಚಿಕಿತ್ಸೆ ಹಿತ ಎಂಬುದನ್ನು ಶೋಧಿಸಿ, ಬರೆದು, ಮುಂದಿನವರಿಗೆ ಕಲಿಸುವುದು ಇನ್ನೊಂದು. ಮೊದಲನೆಯ ಬಾಗಿಲಲ್ಲಿ ಸ್ತ್ರೀಯರು ಒಳಗೆ ಬಂದಿದ್ದಾರೆ. ಎರಡನೆಯ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಒರೆಯಾಗಿ ಸರಿಸಿಟ್ಟಂತಿದೆ. ಅದೇಕೆ ಹಾಗೆ ಎಂಬುದು ಇಂದಿನ ಜಿಜ್ಞಾಸೆ.

ನಾನು ಭಾಷೆಯ ವಿದ್ಯಾರ್ಥಿ. ಶಬ್ದದಿಂದಲೇ ಆರಂಭಿಸುವುದು ನನಗೆ ರೂಢಿ. 'ಸರ್ಜರಿ' ಎಂಬ ಮಾತಿನ ಮೂಲ ಗ್ರೀಕಿನಲ್ಲಿದೆ. 'ಕೈಗೆಲಸ' ಎಂಬುದೇ ಅದರ ಅರ್ಥ. ನಮ್ಮ ಸುಶ್ರುತನೂ ಅದೇ ದಾರಿಯವನು. ನೂರೊಂದು ಯಂತ್ರಗಳನ್ನು ಎಣಿಸಿ, ಅವೆಲ್ಲವುಗಳಲ್ಲಿ ಕೈಯೇ ಪ್ರಧಾನವಾದ ಯಂತ್ರವೆಂದು ಆತ ಹೇಳುತ್ತಾನೆ. ನಮ್ಮ ಹಳ್ಳಿಯವರು ಒಳ್ಳೆಯ ವೈದ್ಯನನ್ನು ಹೊಗಳುವಾಗ ಓದನ್ನು ಹೊಗಳುವುದಿಲ್ಲ, 'ಅವರ ಕೈಗುಣ ಚೆನ್ನಾಗಿದೆ' ಎನ್ನುತ್ತಾರೆ. ಇನ್ನು ಆ ಕೈಯ ಲಿಂಗವನ್ನು ವೈಯಾಕರಣರ ಹತ್ತಿರ ಕೇಳಿದರೆ ಸ್ವಾರಸ್ಯವಾದ ಉತ್ತರ ಬರುತ್ತದೆ. ಸಂಸ್ಕೃತದ 'ಹಸ್ತ' ಪುಲ್ಲಿಂಗ. ಗ್ರೀಕಿನ ಕೈ ಸ್ತ್ರೀಲಿಂಗ. ಕನ್ನಡದ ಕೈ ನಪುಂಸಕಲಿಂಗ. ಗಂಡಿನ ಕೈಯಾದರೂ ಹೆಣ್ಣಿನ ಕೈಯಾದರೂ ನಮಗೆ ಅದು 'ಅದು'. ಈ ವಿಷಯದಲ್ಲಿ ಕನ್ನಡ ವ್ಯಾಕರಣದಷ್ಟು ನ್ಯಾಯವಂತಿಕೆ ಕನ್ನಡಿಗರಾದ ನಮ್ಮಲ್ಲಿ ಇದ್ದಂತಿಲ್ಲ.

ಇನ್ನೊಂದು ಶಬ್ದವನ್ನೂ ನೋಡಿ. ವೈದ್ಯನಿಗೆ 'ವೈದ್ಯೆ' ಎಂಬ ಸ್ತ್ರೀರೂಪವನ್ನು ನಾವು ಕಟ್ಟಿಕೊಂಡೆವು. 'ಸೂಲಗಿತ್ತಿ' ಎಂಬುದಕ್ಕೆ ಮಾತ್ರ ಪುರುಷರೂಪ ಬಳಕೆಯಲ್ಲೇ ಇಲ್ಲ. ಜೀವವೊಂದನ್ನು ಲೋಕಕ್ಕೆ ತರುವ, ಎರಡು ಪ್ರಾಣಗಳ ಹೊಣೆ ಹೊರುವ ಕೈಗೆಲಸ ಶತಮಾನಗಳಿಂದ ಹೆಂಗಸಿನದೇ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವ ಪಡೆದು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಆ ಕೈಯಲ್ಲಿ ಕೌಶಲವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಪರಂಪರೆಯ ಜ್ಞಾನ ಗ್ರಂಥವಾಗಲಿಲ್ಲ. ಕೆಲಸ ಹೆಣ್ಣಿನದು, ಶಾಸ್ತ್ರ ಗಂಡಿನದು ಎಂಬ ಹಳೆಯ ಪಾಲುಪಟ್ಟಿಯ ಮುಂದುವರಿಕೆಯನ್ನೇ ನಾವು ಇಂದು ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಕಾಣುತ್ತಿದ್ದೇವೆ.

ಪಶ್ಚಿಮದ ಇತಿಹಾಸವನ್ನು ತುಸು ನೋಡೋಣ. ಅಮೆರಿಕದಲ್ಲಿ 1849ರಲ್ಲಿ ವೈದ್ಯಪದವಿ ಪಡೆದ ಎಲಿಜಬೆತ್ ಬ್ಲ್ಯಾಕ್‌ವೆಲ್ ಶಸ್ತ್ರವೈದ್ಯೆಯಾಗಬೇಕೆಂದು ಹಂಬಲಿಸಿದವರು. ಅದೇ ವರ್ಷ ಪ್ಯಾರಿಸಿನಲ್ಲಿ ಒಂದು ಎಳೆಗೂಸಿನ ಕಣ್ಣಿಗೆ ಚಿಕಿತ್ಸೆ ಮಾಡುವಾಗ ಸೋಂಕು ತಗಲಿ, ತಮ್ಮ ಒಂದು ಕಣ್ಣನ್ನೇ ಕಳೆದುಕೊಂಡರು. ಆ ಆಸೆ ಅಲ್ಲಿಗೆ ಕೊನೆಗೊಂಡಿತು. ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಪರೀಕ್ಷೆಯ ಮೂಲಕ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು, ಎಲಿನರ್ ಡೇವಿಸ್ ಕಾಲಿ ಎಂಬುವರನ್ನು, ಫೆಲೋ ಎಂದು ಒಪ್ಪಿಕೊಂಡದ್ದು 1911ರಲ್ಲಿ. ಆದರೂ ಅಲ್ಲಿನ ವೈದ್ಯೆಯರಿಗೆ ದೊರೆಯುತ್ತಿದ್ದುದು ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗಳು ಮಾತ್ರ. ಗಂಡಸರ ಮೈಗೆ ಹೆಂಗಸಿನ ಕತ್ತಿ ತಾಗಬಾರದೆಂಬುದು ಬರೆಯದ ಶಾಸನವಾಗಿತ್ತು.

ಆ ಶಾಸನವನ್ನು ಮುರಿದದ್ದು ಮಹಾಯುದ್ಧ. 1914ರಲ್ಲಿ ಲೂಯಿಸಾ ಗ್ಯಾರೆಟ್ ಆಂಡರ್ಸನ್ ಮತ್ತು ಫ್ಲೋರಾ ಮರ‍್ರೆ ಎಂಬ ಇಬ್ಬರು ವೈದ್ಯೆಯರು, ತಮ್ಮ ದೇಶದ ಸೇನಾ ಇಲಾಖೆಯ ಬಾಗಿಲು ತಟ್ಟಿ ಪ್ರಯೋಜನವಿಲ್ಲವೆಂದು ತಿಳಿದು, ಫ್ರಾನ್ಸಿನ ರೆಡ್ ಕ್ರಾಸಿನ ನೆರವಿನಿಂದ ಪ್ಯಾರಿಸಿನಲ್ಲಿ ಆಸ್ಪತ್ರೆ ತೆರೆದರು. ಅವರ ಕೆಲಸವನ್ನು ಕಂಡ ಮೇಲೆ ಸೇನೆಯೇ ಅವರನ್ನು ಕರೆಯಿತು. 1915ರ ಮೇ ತಿಂಗಳಲ್ಲಿ ಲಂಡನ್ನಿನ ಎಂಡೆಲ್ ಬೀದಿಯಲ್ಲಿ ಐದುನೂರಕ್ಕೂ ಹೆಚ್ಚು ಹಾಸಿಗೆಗಳ ಸೈನಿಕ ಆಸ್ಪತ್ರೆಯೊಂದು ಆರಂಭವಾಯಿತು. ಅದರ ಶಸ್ತ್ರವೈದ್ಯರೆಲ್ಲ ಹೆಂಗಸರು. ಮುಚ್ಚುವ ವೇಳೆಗೆ ಅಲ್ಲಿ ಚಿಕಿತ್ಸೆ ಪಡೆದ ರೋಗಿಗಳು 24 ಸಾವಿರಕ್ಕೂ ಹೆಚ್ಚು. ನಡೆದ ಶಸ್ತ್ರಕ್ರಿಯೆಗಳು 7 ಸಾವಿರಕ್ಕೂ ಮೇಲು.

ನಮ್ಮ ಇಂದಿನ ವಿಷಯಕ್ಕೆ ಮುಖ್ಯವಾದ ಸಂಗತಿ ಬೇರೊಂದಿದೆ. ಆ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಜೊತೆಗೆ ಸಂಶೋಧನೆಯೂ ನಡೆಯಿತು. ಪ್ರತಿಜೀವಕಗಳಿಲ್ಲದ ಕಾಲ, ಕಂದಕದ ಕೆಸರು ಸೇರಿ ಕೀವುಗಟ್ಟಿದ ಗಾಯಗಳೇ ಸೈನಿಕರ ಮುಖ್ಯ ಶತ್ರುವಾಗಿದ್ದವು. ಬಿಸ್ಮತ್, ಅಯೊಡೊಫಾರ್ಮ್ ಮತ್ತು ಪ್ಯಾರಫಿನ್ ಕೂಡಿಸಿದ 'ಬಿಪ್' ಎಂಬ ಲೇಪವನ್ನು ನ್ಯೂಕ್ಯಾಸಲ್ಲಿನ ರುದರ್‌ಫರ್ಡ್ ಮಾರಿಸನ್ ಎಂಬ ಶಸ್ತ್ರವೈದ್ಯ ರೂಪಿಸಿದ್ದ. ಆ ಲೇಪವನ್ನು ನೂರಾರು ಗಾಯಾಳುಗಳಲ್ಲಿ ಪರೀಕ್ಷಿಸಿ, ದಿನದಿನವೂ ಕಟ್ಟು ಬಿಚ್ಚಿ ನರಳಿಸುವುದು ಬೇಕಿಲ್ಲವೆಂದು ಕಂಡು, ಆಂಡರ್ಸನ್ ಅವರೂ ರೋಗಶಾಸ್ತ್ರಜ್ಞೆ ಹೆಲೆನ್ ಚೇಂಬರ್ಸ್ ಅವರೂ ಸಂಗಡಿಗರೂ 1917ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಅವಕಾಶ ದೊರೆತ ಎರಡೇ ವರ್ಷಗಳಲ್ಲಿ ಅವರು ವೈದ್ಯಶಾಸ್ತ್ರಕ್ಕೆ ತಮ್ಮ ಪಾಲನ್ನು ಕೊಟ್ಟರು. 1919ರಲ್ಲಿ ಆಸ್ಪತ್ರೆಯನ್ನು ಮುಚ್ಚಲಾಯಿತು. ಗಂಡಸರು ಯುದ್ಧದಿಂದ ಮರಳಿದರು. ವೈದ್ಯೆಯರಲ್ಲಿ ಬಹುಮಂದಿ ಮತ್ತೆ ಹೆಂಗಸರ ಮಕ್ಕಳ ವಾರ್ಡುಗಳಿಗೆ ಮರಳಬೇಕಾಯಿತು. ಕೈ ಅದೇ, ವಿದ್ಯೆ ಅದೇ. ಅಂಗಳ ಮಾತ್ರ ಕಿರಿದಾಯಿತು.

ಮುಂದಿನ ಅರ್ಧಶತಮಾನದಲ್ಲೂ ಇಂಥ ಒಂಟಿ ನಕ್ಷತ್ರಗಳು ಕಾಣುತ್ತವೆ. ಹೃದಯದ ದೋಷದಿಂದ ಮೈ ನೀಲಿಗಟ್ಟುವ ಮಕ್ಕಳನ್ನು ಉಳಿಸಬಹುದೆಂದು ಯೋಚಿಸಿದವರು ಹೆಲೆನ್ ಟಾಸಿಗ್ ಎಂಬ ಮಕ್ಕಳ ವೈದ್ಯೆ. ಅವರ ಯೋಚನೆ ಆಲ್ಫ್ರೆಡ್ ಬ್ಲೇಲಾಕರ ಕೈಯಲ್ಲಿ 1944ರ ನವೆಂಬರಿನಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ರೂಪ ಪಡೆಯಿತು. ಲೋಕವೇ ಕೊಂಡಾಡಿದ ಈ ಸಾಧನೆಯ ಬಳಿಕವೂ ಟಾಸಿಗ್ ಅವರಿಗೆ ಪೂರ್ಣ ಪ್ರಾಧ್ಯಾಪಕ ಪದವಿ ದೊರೆತದ್ದು 1959ರಲ್ಲಿ. ಹದಿನೈದು ವರ್ಷ ಕಾದ ಮೇಲೆ. ಮರುವರ್ಷ, 1960ರಲ್ಲಿ, ನೀನಾ ಬ್ರಾನ್‌ವಾಲ್ಡ್ ಎಂಬ ಶಸ್ತ್ರವೈದ್ಯೆ ತಾವೇ ವಿನ್ಯಾಸಗೊಳಿಸಿದ ಕೃತಕ ಕವಾಟವನ್ನು ರೋಗಿಯ ಹೃದಯದಲ್ಲಿ ಜೋಡಿಸಿದರು. ಆಗ ಅವರಿಗೆ ಮೂವತ್ತೆರಡೇ ವರ್ಷವೆಂದರೆ ಆಶ್ಚರ್ಯವಾಗುತ್ತದೆ.

ನಮ್ಮ ನಾಡಿನ ನೆರೆಹೊರೆಯಲ್ಲೂ ಇಂಥವರಿದ್ದರು. ವೆಲ್ಲೂರಿನ ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿ ಘಾಸಿಗೊಂಡು ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಕಾಲು ಹೋದರೂ ಕೈ ಉಳಿದಿತ್ತು. ಪಾಲ್ ಬ್ರ್ಯಾಂಡ್ ಅವರ ಮಾರ್ಗದರ್ಶನದಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತೇ, ಕುಷ್ಠರೋಗದಿಂದ ಮುರುಟಿಹೋದ ಕೈಗಳನ್ನು ನೆಟ್ಟಗೆ ಮಾಡುವ ಶಸ್ತ್ರಕ್ರಿಯೆಯನ್ನು ಅವರು ಕಲಿತು ನಡೆಸಿದರು. ಅಂಗವಿಕಲರ ಪುನರ್ವಸತಿ ವಿಭಾಗವನ್ನು ಕಟ್ಟಿ ಬೆಳೆಸಿದರು. ಮದರಾಸಿನಲ್ಲಿ ಡಾಕ್ಟರ್ ಟಿ. ಎಸ್. ಕನಕ ಅವರು 1968ರಲ್ಲಿ ನರಶಸ್ತ್ರಚಿಕಿತ್ಸೆಯ ಉನ್ನತ ಪದವಿ ಪಡೆದು, ಏಷ್ಯಾದ ಮೊದಲ ಮಹಿಳಾ ನರಶಸ್ತ್ರವೈದ್ಯೆಯರಲ್ಲಿ ಒಬ್ಬರೆನಿಸಿದರು. ತಲೆಬುರುಡೆಯನ್ನು ಅಗಲವಾಗಿ ತೆರೆಯದೆ, ಮಿದುಳಿನ ಆಳದ ಒಂದು ಬಿಂದುವನ್ನು ಅಳತೆಯಿಂದ ಗುರಿಹಿಡಿದು ಮುಟ್ಟುವ ವಿಧಾನದಲ್ಲಿ ಅವರು ಬಿ. ರಾಮಮೂರ್ತಿಯವರ ಬಳಗದೊಡನೆ ನಡೆಸಿದ ಸಂಶೋಧನೆ ಹೆಸರಾಯಿತು. ಅವರು ಮದುವೆಯಾಗಲಿಲ್ಲ. ನಿವೃತ್ತಿಯ ಬಳಿಕ ತಂದೆತಾಯಿಗಳ ಹೆಸರಿನಲ್ಲಿ ಬಡವರಿಗಾಗಿ ಚಿಕಿತ್ಸಾಲಯ ತೆರೆದು, 2018ರಲ್ಲಿ ಕಾಲವಾದರು. ನಮ್ಮ ಕಲಬುರಗಿಯ ಪಾದರಕ್ಷೆ ಹೊಲಿಯುವ ಬಡ ಕುಟುಂಬದಲ್ಲಿ ಹುಟ್ಟಿದ ವಿಜಯಲಕ್ಷ್ಮಿ ದೇಶಮಾನೆಯವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ಶಸ್ತ್ರವೈದ್ಯೆಯಾಗಿ ಬೆಳೆದು, 2025ರಲ್ಲಿ ಪದ್ಮಶ್ರೀಗೆ ಪಾತ್ರರಾದರು.

ಇಂಥ ಹೆಸರುಗಳನ್ನು ಹೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದು ಸುಲಭ. ನಾವು ಮಾಡುತ್ತ ಬಂದಿರುವುದೂ ಅದನ್ನೇ. ಆದರೆ ಅಸಾಧಾರಣರಾದವರು ಮಾತ್ರ ದಾಟಬಲ್ಲ ಹೊಳೆಗೆ ಸೇತುವೆ ಇದೆಯೆಂದು ಹೇಳಲಾದೀತೆ? ಒಬ್ಬರು ಗಾಲಿಕುರ್ಚಿಯಿಂದ ಗೆದ್ದರು, ಒಬ್ಬರು ಸಂಸಾರವನ್ನೇ ತೊರೆದು ಗೆದ್ದರು, ಒಬ್ಬರು ಬಡತನವನ್ನೂ ಜಾತಿಯ ಕಟ್ಟನ್ನೂ ಮೀರಿ ಗೆದ್ದರು. ಗಂಡಸು ಸಾಧಾರಣ ಬುದ್ಧಿವಂತನಾಗಿದ್ದು, ಹೆಂಡತಿ ಮಕ್ಕಳೊಡನೆ ಸುಖವಾಗಿದ್ದುಕೊಂಡೇ ಪ್ರಾಧ್ಯಾಪಕನಾಗಬಹುದು. ಅದೇ ಸಾಧಾರಣತೆಯ ಹಕ್ಕು ಹೆಣ್ಣಿಗೂ ದೊರೆತ ದಿನ ಸಮಾನತೆ ಬಂತೆನ್ನಬೇಕು.

ಲೆಕ್ಕಗಳು ಏನನ್ನುತ್ತವೆ? ನಮ್ಮ ದೇಶದ ವೈದ್ಯಕೀಯ ಕಾಲೇಜುಗಳಿಗೆ ಸೇರುವವರಲ್ಲಿ ಇಂದು ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು. ಶಸ್ತ್ರಚಿಕಿತ್ಸೆಯ ಮೆಟ್ಟಿಲುಗಳನ್ನು ಏರುತ್ತ ಹೋದಂತೆ ಅವರ ಸಂಖ್ಯೆ ಬೇಸಿಗೆಯ ಹೊಳೆಯಂತೆ ಬತ್ತುತ್ತದೆ. ಇದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ 1991ರಲ್ಲಿ ಹಿರಿಯ ಶಸ್ತ್ರವೈದ್ಯರಲ್ಲಿ ಮಹಿಳೆಯರು ನೂರಕ್ಕೆ ಮೂವರು. ಶಸ್ತ್ರವೈದ್ಯದ ಪ್ರಾಧ್ಯಾಪಕ ಪೀಠಕ್ಕೆ ಅಲ್ಲಿ ಮೊದಲ ಮಹಿಳೆ, ಏವರಿಲ್ ಮ್ಯಾನ್ಸ್‌ಫೀಲ್ಡ್, ಬಂದದ್ದು 1993ರಲ್ಲಿ. ಅಮೆರಿಕದಲ್ಲಿ 1994ರಿಂದ 2014ರವರೆಗಿನ ಅಂಕಿಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಏರಿಕೆ ಅದೇ ವೇಗದಲ್ಲಿ ಸಾಗಿದರೆ ಶಸ್ತ್ರವೈದ್ಯದ ಪೂರ್ಣ ಪ್ರಾಧ್ಯಾಪಕರಲ್ಲಿ ಮಹಿಳೆಯರು ಅರ್ಧದಷ್ಟಾಗುವುದು 2096ರಲ್ಲಿ! ಇಂದು ಹುಟ್ಟಿದ ಹೆಣ್ಣುಕೂಸು ಮುದುಕಿಯಾಗುವ ಹೊತ್ತಿಗೆ.

'ಅವರಿಗೆ ಶಕ್ತಿ ಸಾಲದೇನೋ' ಎಂಬ ಗುಸುಗುಸು ಇಲ್ಲಿ ಕೇಳಿಸುತ್ತದೆ. ಕೆನಡಾದ ಒಂಟೇರಿಯೊ ಪ್ರಾಂತ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರವೈದ್ಯೆಯರ ಕೈಯಲ್ಲಿ ಚಿಕಿತ್ಸೆ ಪಡೆದವರು ಮೂವತ್ತು ದಿನಗಳೊಳಗೆ ಸಾಯುವ ಪ್ರಮಾಣ ತುಸು ಕಡಿಮೆಯೇ ಇತ್ತು. ಅಂತರ ಚಿಕ್ಕದು, ಅದನ್ನು ಹಿಡಿದು ಹೆಣ್ಣಿನ ಕೈಯೇ ಮೇಲೆಂದು ಡಂಗುರ ಹೊಡೆಯುವುದು ಬೇಡ. ಕೀಳಲ್ಲವೆಂಬುದಕ್ಕಂತೂ ಅಷ್ಟು ಸಾಕು. ಸಂಶೋಧನೆಯ ವಿಷಯವೂ ಹೀಗೆಯೇ. ಅಮೆರಿಕದ ಶಸ್ತ್ರವೈದ್ಯ ವಿಭಾಗಗಳಲ್ಲಿ 2017ರ ಸುಮಾರಿಗೆ ಮಹಿಳೆಯರು ಐವರಲ್ಲಿ ಒಬ್ಬರಷ್ಟಿದ್ದರೂ, ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಆ ವಿಭಾಗಗಳಿಗೆ ಕೊಟ್ಟ ಸಂಶೋಧನ ಅನುದಾನಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಅವರದಾಗಿತ್ತು. ಸಂಖ್ಯೆಯಲ್ಲಿ ಕಡಿಮೆ, ಫಲದಲ್ಲಿ ಹೆಚ್ಚು.

ಹಾಗಾದರೆ ಅಡ್ಡಿ ಎಲ್ಲಿದೆ? ಒಂದು, ತಪ್ಪಿಗೆ ಎರಡು ತಕ್ಕಡಿಗಳಿವೆ. ಹೀದರ್ ಸಾರ್ಸನ್ಸ್ ಎಂಬ ಅರ್ಥಶಾಸ್ತ್ರಜ್ಞೆ ಅಮೆರಿಕದ ದಾಖಲೆಗಳಿಂದ ಕಂಡುಕೊಂಡ ಸಂಗತಿ ಇದು: ಶಸ್ತ್ರವೈದ್ಯನ ಕೈಯಲ್ಲಿ ರೋಗಿ ಸತ್ತರೆ ಅದು ದುರದೃಷ್ಟ, ಶಸ್ತ್ರವೈದ್ಯೆಯ ಕೈಯಲ್ಲಿ ಸತ್ತರೆ ಅವಳಿಗೆ ಕೆಲಸ ಬಾರದು ಎಂಬಂತೆ ಇತರ ವೈದ್ಯರು ಅವಳ ಬಳಿಗೆ ರೋಗಿಗಳನ್ನು ಕಳಿಸುವುದನ್ನು ಕಡಿಮೆ ಮಾಡುತ್ತಾರೆ. ಸಾಲದ್ದಕ್ಕೆ, ಆ ಸಂಶಯ ಅವಳೊಬ್ಬಳಿಗೇ ನಿಲ್ಲದೆ ಇತರ ಶಸ್ತ್ರವೈದ್ಯೆಯರಿಗೂ ಹರಡುತ್ತದೆ. ಎರಡು, ಶಸ್ತ್ರವೈದ್ಯ ಗುರುಮುಖದಿಂದಲೇ ಕಲಿಯಬೇಕಾದ ವಿದ್ಯೆ. ಗುರು ತನ್ನನ್ನೇ ಹೋಲುವ ಶಿಷ್ಯನನ್ನು ಹುಡುಕುತ್ತಾನೆ. ಹೆಣ್ಣಿಗೆ ಆ ವಾತ್ಸಲ್ಯ ಸಿಗುವುದು ಅಪರೂಪ, ಸಿಕ್ಕರೆ ಅಪವಾದದ ಭಯ. ಬ್ರಿಟನ್ನಿನಲ್ಲಿ 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರಿಸಿದ ಶಸ್ತ್ರವೈದ್ಯ ವಿಭಾಗದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸಹೋದ್ಯೋಗಿಗಳಿಂದ ಲೈಂಗಿಕ ಕಿರುಕುಳಕ್ಕೆ ಗುರಿಯಾಗಿದ್ದರೆಂಬುದನ್ನು ಓದಿ ನನಗೆ ತಲೆತಗ್ಗಿಸುವಂತಾಯಿತು. ಮೂರನೆಯದು ಹೊತ್ತು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

'ಸಂಶೋಧನೆ ಯಾರು ಮಾಡಿದರೇನು, ಸತ್ಯ ಒಂದೇ ಅಲ್ಲವೆ?' ಎಂದು ಕೇಳುವವರಿದ್ದಾರೆ. ಉತ್ತರ ಒಂದೇ ಇರಬಹುದು. ಪ್ರಶ್ನೆ ಕೇಳುವವರು ಬೇರೆಯಾದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಒಂದು ಉದಾಹರಣೆ ಸಾಕು. ಅಮೆರಿಕದ ರಕ್ತನಾಳ ಶಸ್ತ್ರವೈದ್ಯೆ ಮೆಲಿನಾ ಕಿಬ್ಬಿಯವರ ತಂಡ ಐದು ಪ್ರಮುಖ ಶಸ್ತ್ರವೈದ್ಯ ಪತ್ರಿಕೆಗಳನ್ನು ಜಾಲಾಡಿ 2014ರಲ್ಲಿ ಒಂದು ವಿಚಿತ್ರವನ್ನು ಬಯಲಿಗೆ ತಂದಿತು. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಲಿಂಗವನ್ನು ತಿಳಿಸಿದ್ದ ಪ್ರಬಂಧಗಳ ಪೈಕಿ ನೂರಕ್ಕೆ 80ರಲ್ಲಿ ಗಂಡುಪ್ರಾಣಿಗಳು ಮಾತ್ರ. ಎರಡೂ ಇದ್ದದ್ದು ನೂರಕ್ಕೆ 3ರಲ್ಲಿ. ಇಲಿಯೂ ಗಂಡಿಲಿಯೇ! ಗಂಡಿಲಿಗೆ ಹಿತವಾದ ಔಷಧ ನನ್ನ ಮಗಳಿಗೂ ಹಿತವೆಂದು ಯಾರು ಹೇಳಬೇಕು? ಇಷ್ಟು ಸರಳವಾದ ಪ್ರಶ್ನೆಯನ್ನು ಎತ್ತಿ ಹಿಡಿಯಲು ಒಬ್ಬ ಹೆಣ್ಣು ಪ್ರಯೋಗಶಾಲೆಯ ಒಡತಿಯಾಗಬೇಕಾಯಿತು. 2016ರಿಂದೀಚೆಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅನುದಾನ ಕೇಳುವವರು ಎರಡೂ ಲಿಂಗಗಳನ್ನು ಗಮನಿಸಬೇಕೆಂದು ವಿಧಿಸಿದೆ. ಶಸ್ತ್ರವೈದ್ಯ ಸಂಶೋಧನೆಯಲ್ಲಿ ಹೆಣ್ಣು ಇಲ್ಲದಿದ್ದರೆ ನಷ್ಟ ಅವಳೊಬ್ಬಳದಲ್ಲ. ಚಿಕಿತ್ಸೆಯ ಮೇಜಿನ ಮೇಲೆ ಮಲಗುವ ಎಲ್ಲರದು.

ಈಗ ಹೊತ್ತಿನ ಮಾತು. ನನ್ನ ಪತ್ನಿ ನನಗಿಂತ ಒಳ್ಳೆಯ ವಿದ್ಯಾರ್ಥಿನಿಯಾಗಿದ್ದವಳು. ನಾನು ಛಂದಸ್ಸಿನ ಮೇಲೆ ಪುಸ್ತಕ ಬರೆದ ನಾಲ್ಕು ವರ್ಷ, ಸಂಜೆಯಾದರೆ ಮಕ್ಕಳಿಗೆ ಆಕೆ ಹೇಳುತ್ತಿದ್ದ ಮಾತು ನನಗೆ ಇನ್ನೂ ಕೇಳಿಸುತ್ತದೆ: "ಗದ್ದಲ ಮಾಡಬೇಡಿ, ಅಪ್ಪ ಬರೆಯುತ್ತಿದ್ದಾರೆ." ಕರಡನ್ನು ಶುದ್ಧಪ್ರತಿ ಮಾಡಿದವಳೂ ಆಕೆಯೇ; ಒಂದೆರಡು ಕಡೆ ನನ್ನ ಪ್ರಸ್ತಾರ ತಪ್ಪಿದ್ದನ್ನು ತೋರಿಸಿಕೊಟ್ಟವಳೂ ಆಕೆಯೇ. ಮುನ್ನುಡಿಯ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಸಲ್ಲಿಸಿ ನಾನು ಋಣಮುಕ್ತನಾದೆನೆಂದು ಭಾವಿಸಿದೆ. ಆಸ್ಪತ್ರೆಯ ಕುರ್ಚಿಯಲ್ಲಿ ಆಕೆ ಏಕೆ ನಗಲಿಲ್ಲವೆಂಬುದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಸಂಶೋಧನೆಯೆಂಬುದು ಸಂಬಳದ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ನಡೆಯುವಂಥದು. ಗಂಡಸಿಗೆ ಆ ಹೊತ್ತನ್ನು ಹೆಣ್ಣೊಬ್ಬಳು ತನ್ನ ಹೊತ್ತಿನಿಂದ ಕತ್ತರಿಸಿ ಕೊಟ್ಟಿರುತ್ತಾಳೆ. ಹಗಲೆಲ್ಲ ನಿಂತು ಶಸ್ತ್ರಕ್ರಿಯೆ ಮಾಡಿ ಬಂದ ಆ ವೈದ್ಯೆಗೆ ಯಾರು ಕತ್ತರಿಸಿ ಕೊಡುತ್ತಾರೆ?

ಕಾನೂನಿನಿಂದ ಕೆಲವು ಕೆಲಸಗಳಾಗುತ್ತವೆ. 2017ರ ತಿದ್ದುಪಡಿ ಹೆರಿಗೆಯ ರಜೆಯನ್ನು 26 ವಾರಗಳಿಗೆ ಏರಿಸಿತು, ಐವತ್ತು ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಶಿಶುವಿಹಾರ ಬೇಕೆಂದಿತು. ಆ ರಜೆಯ ತಿಂಗಳುಗಳು ಬಡ್ತಿಯ ಲೆಕ್ಕದಲ್ಲಿ ದೋಷವಾಗಿ ಕಾಣದಂತೆ ಕಾಲೇಜುಗಳು ನೋಡಿಕೊಳ್ಳಬೇಕು. ರಾತ್ರಿ ಪಾಳಿಯ ತಾಯಂದಿರ ಮಕ್ಕಳಿಗೆ ಆಸ್ಪತ್ರೆಯಲ್ಲೇ ನೆಲೆ ಇರಬೇಕು. ಪ್ರಬಂಧದ ಮೇಲಿನ ಹೆಸರುಗಳ ಸಾಲಿನಲ್ಲಿ ದುಡಿದವರ ಹೆಸರು ದುಡಿಮೆಗೆ ತಕ್ಕ ಸ್ಥಾನದಲ್ಲಿರಬೇಕು. ಇವು ಆಳುವವರು ಮಾಡಬೇಕಾದವು. ಮನೆಯಲ್ಲಿ ಆಗಬೇಕಾದದ್ದನ್ನು ಯಾವ ಕಾನೂನೂ ಮಾಡಲಾರದು.

ಕಳೆದ ತಿಂಗಳು ಆ ವೈದ್ಯೆಯನ್ನು ಮತ್ತೆ ಕಂಡೆ. ಪಿತ್ತಕೋಶದ ಚಿಕಿತ್ಸೆಯ ವಿಷಯವಾಗಿ ಅವರೇ ಮೊದಲ ಲೇಖಕಿಯಾಗಿ ಬರೆದ ಪ್ರಬಂಧವೊಂದು ಪತ್ರಿಕೆಗೆ ಹೋಗಿದೆಯಂತೆ. "ಹೊತ್ತು ಹೇಗೆ ಸಿಕ್ಕಿತಮ್ಮ?" ಎಂದೆ. "ನಮ್ಮ ಮನೆಯವರು ಅಡುಗೆ ಕಲಿತರು ಸಾರ್" ಎಂದು ನಕ್ಕರು. ಈ ಸಲ ನನ್ನ ಪತ್ನಿಯೂ ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. ಅರವತ್ತೈದು ದಾಟಿದವನು ಹೊಸದಾಗಿ ಏನನ್ನು ಕಲಿಯಬಹುದೆಂದು ನಾನು ಯೋಚಿಸುತ್ತಿದ್ದೇನೆ. ಆಕೆ ಇತ್ತೀಚೆಗೆ ತನ್ನ ಊರಿನ ಸೋಬಾನೆ ಪದಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. ಮೊಮ್ಮಕ್ಕಳು ಬಂದ ದಿನ ಅವರಿಗೆ ನಾನು ಹೇಳಬೇಕಾದ ಮಾತನ್ನು ಕಲಿತಿದ್ದೇನೆ: "ಗದ್ದಲ ಮಾಡಬೇಡಿ, ಅಜ್ಜಿ ಬರೆಯುತ್ತಿದ್ದಾಳೆ."